ಮಾವನವರ ಮೌನ, ಎರಡು ತಾಟು ನುಚ್ಚು

ಎರಡು ವರ್ಷಗಳ ಹಿಂದಿನ ಶ್ರಾವಣ. ನನ್ನ ಗಂಡನಿಗೆ ಗೋವಾದಲ್ಲಿ ನಾಲ್ಕು ದಿನಗಳ ಆಫೀಸಿನ ತರಬೇತಿ ಇತ್ತು. ಮನೆಯವರೂ ಬರಬಹುದು ಎಂದಿದ್ದರಿಂದ ನಾನು ಮತ್ತು ನನ್ನ ಮಾವನವರು ಧಾರವಾಡದಿಂದ ಜೊತೆಗೆ ಹೊರಟೆವು. ನನಗೆ ಡೈರಿ ಬರೆಯುವ ರೂಢಿಯಿದೆ. ಇದನ್ನು ಬರೆಯುವ ಮುಂಚೆ ಆ ದಿನಗಳ ಪುಟಗಳನ್ನು ಮತ್ತೆ ಓದಿದೆ. ನನ್ನ ನೆನಪಿಗೂ ಆ ಪುಟಗಳಿಗೂ ಒಂದು ಕಡೆ ತಾಳೆಯಾಗುವುದಿಲ್ಲ. ಆ ಜಾಗ ಬಂದಾಗ ಹೇಳುತ್ತೇನೆ.

ಮಾವನವರಿಗೆ ಆಗ ಎಪ್ಪತ್ತಾರು. ಮೋಜಣಿ ಇಲಾಖೆಯಲ್ಲಿ ಹೊಲಗಳ ಗಡಿ ಅಳೆದು ನಿವೃತ್ತರಾದವರು. ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಶಲ್ಯ, ಹಣೆ ತುಂಬ ವಿಭೂತಿ ಇಲ್ಲದೆ ಹೊರಗೆ ಕಾಲಿಡುವವರಲ್ಲ. ಹಲ್ಲುಗಳು ಮಾತ್ರ ಕಟ್ಟಿಸಿದವು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಅವರು ಅವನ್ನು ತೆಗೆದಿಡುವುದು ಕೋಣೆಯ ಅಗಳಿ ಹಾಕಿಕೊಂಡ ಮೇಲೆಯೇ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನಾನು ಅವರನ್ನು ಹಲ್ಲಿಲ್ಲದೆ ನೋಡಿರಲಿಲ್ಲ.

ನಮ್ಮ ಹೋಟೆಲು ಮಡಗಾಂವಿನಿಂದ ಅರ್ಧ ಗಂಟೆ ದೂರದಲ್ಲಿ, ಸಮುದ್ರಕ್ಕೆ ಹತ್ತಿರ ಇತ್ತು. ಮಳೆಗಾಲವಾದ್ದರಿಂದ ತೀರದಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ಮೊದಲ ದಿನ ಬೆಳಿಗ್ಗೆ ಮಾವನವರು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಬೊಗಸೆ ನೀರೆತ್ತಿ ತಲೆಗೆ ಹಚ್ಚಿಕೊಳ್ಳಲು ಬಗ್ಗಿದರು. ಅಷ್ಟರಲ್ಲಿ ಅವರಿಗೆ ಜೋರಾಗಿ ಸೀನು ಬಂತು. ಅಲೆ ಬಂದು ಹಿಂದೆ ಹೋಯಿತು. ನೋಡಿದರೆ ಅವರು ಮರಳಿನಲ್ಲಿ ಕೈಯಾಡಿಸಿ ಏನನ್ನೋ ಹುಡುಕುತ್ತಿದ್ದಾರೆ.

"ಏನ್ ಬಿತ್ರಿ ಮಾವಾರ?" ಎಂದೆ.

ಅವರು ಶಲ್ಯದಿಂದ ಬಾಯಿ ಮುಚ್ಚಿಕೊಂಡು ಸೀದಾ ಹೋಟೆಲಿನ ಕಡೆ ನಡೆದರು.

ಮಧ್ಯಾಹ್ನ ಅವರು ಊಟಕ್ಕೆ ಇಳಿಯಲಿಲ್ಲ. ಮಗನ ಆಫೀಸಿನವರು, ಅವರ ಹೆಂಡಂದಿರು ಎಲ್ಲ ಇರುವ ಊಟದ ಕೋಣೆಗೆ ಬರುವುದು ಸಾಧ್ಯವೇ ಇಲ್ಲ ಎಂದು ಕೈಸನ್ನೆ ಮಾಡಿದರು. ನಾನು ಕೋಣೆಗೇ ಇಡ್ಲಿ ತಂದೆ. ಅರ್ಧ ಇಡ್ಲಿ ನುಂಗಿ, ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ತಟ್ಟೆ ಸರಿಸಿಬಿಟ್ಟರು. ಸಂಜೆ ಬಂದ ನನ್ನ ಗಂಡ ವಾತಾವರಣ ಹಗುರ ಮಾಡಲು, "ಅಪ್ಪಾ, ಅರಬ್ಬೀ ಸಮುದ್ರಕ್ಕ ಹಲ್ಲ ಹಚ್ಚಿಸಿ ಬಂದಿ ನೋಡು" ಎಂದ. ಮಾವನವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಧಾರವಾಡದ ದಂತವೈದ್ಯರಿಗೆ ಫೋನ್ ಮಾಡಿದರೆ, ಹೊಸದಕ್ಕೆ ಹತ್ತು ದಿನವಾದರೂ ಬೇಕು ಎಂದರು.

ಎರಡನೇ ದಿನ ಬೆಳಿಗ್ಗೆ ಒಂದು ಲೋಟ ಹಾಲು, ಅಷ್ಟೇ. ಅವರು ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು. ಹತ್ತೂವರೆಗೆ ನೀರಿನ ಲೋಟ ಹಿಡಿದ ಅವರ ಕೈ ನಡುಗುತ್ತಿತ್ತು. "ನನಗ ಹಸಿವಿಲ್ಲ ಸುಮಾ," ಎಂದರು, ಶಲ್ಯದೊಳಗಿನಿಂದ. ಗಾಬರಿಯಾಗಿ ಇನ್ನೊಂದು ಲೋಟ ಹಾಲು, ಒಂದು ಬಾಳೆಹಣ್ಣು ಬಲವಂತ ಮಾಡಿ ಕೊಟ್ಟು, ಹೋಟೆಲಿನವರು ಮೆತ್ತಗಿನ ಅನ್ನ ಬೇರೆ ಮಾಡಿಕೊಡಲಾಗದು ಎಂದಿದ್ದರಿಂದ, ಅಗಿಯದೆ ಉಣ್ಣುವಂಥ ಊಟ ಹುಡುಕುತ್ತ ಹೊರಗೆ ಬಿದ್ದೆ.

ಹೋಟೆಲಿನ ಸುತ್ತ ಅಂಗಡಿಗಳಿಗೇನೂ ಕೊರತೆಯಿರಲಿಲ್ಲ. ಗೋಡಂಬಿ ಬೇಕೇ, ಹುಲ್ಲಿನ ಟೋಪಿ ಬೇಕೇ, ಮದ್ಯ ಬೇಕೇ, ಎಲ್ಲ ಇತ್ತು. ತೀರದ ಊಟದ ಜಾಗಗಳಿಗೆ ಮಳೆಗಾಲದ ರಜೆ. ತೆರೆದಿದ್ದ ಎರಡು ಕಡೆ ಬಾಗಿಲಲ್ಲೇ ಕೋಳಿ, ಮೀನಿನ ಚಿತ್ರ. ಮಾವನವರು ಆ ಪಾತ್ರೆಯ ನೀರನ್ನೂ ಮುಟ್ಟುವವರಲ್ಲ. ಒಂದು ಸಣ್ಣ ಚಹಾದಂಗಡಿಯ ಮುದುಕಿಗೆ ನನ್ನ ಅರೆಬರೆ ಹಿಂದಿಯಲ್ಲಿ ಹಲ್ಲಿನ ಕಥೆ ಹೇಳಿದೆ. ಅವಳು ಗಂಜಿ ಪಾತ್ರೆ ಬೋರಲು ಹಾಕಿ ತೋರಿಸಿ, "ಪೇಜ್ ಸೊಂಪ್ಲಿ" ಎಂದಳು. ಗಂಜಿ ಮುಗಿದಿತ್ತು. ಹಾಗೆಯೇ ಮಧ್ಯಾಹ್ನದ ನಿದ್ದೆಗೆ ಅಂಗಡಿಯ ಬಾಗಿಲು ಎಳೆಯುತ್ತ ಹಿಂದಿನ ಓಣಿಯ ಕಡೆ ಕೈ ತೋರಿಸಿದಳು, "ತುಮ್ಚೆ ಲೋಕ್ ಥಂಯ್ ಆಸಾತ್." ನಿಮ್ಮವರು ಅಲ್ಲಿದ್ದಾರೆ.

ನಮ್ಮ ಹೋಟೆಲಿನ ಬೆನ್ನಿಗೇ ಹೊಸ ಕಟ್ಟಡ ಏಳುತ್ತಿತ್ತು. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಆ ಸಪ್ಪಳಕ್ಕೆ ನನಗೆ ಅಳು ಬಂತೆಂದು ಡೈರಿಯಲ್ಲಿದೆ. ನಿಜವಿರಬಹುದು. ಕೆಲಸಗಾರರಿಗೆ ಊಟ ಹಾಕುತ್ತಿದ್ದ ಹೆಂಗಸಿನ ಹೆಸರು ರತ್ನವ್ವ, ನಮ್ಮ ಸೀಮೆಯ ರೋಣದ ಕಡೆಯವಳು.

"ಜ್ವಾಳದ ನುಚ್ಚು ಐತೇನ್ರಿ?"

"ಐತ್ರಿ. ಮಜ್ಜಿಗಿನೂ ಐತಿ."

"ಹಿರ್ಯಾರಿಗೆ ಬೇಕಾಗಿತ್ತು. ಡಬ್ಬಿಗೆ ಹಾಕಿ ಕೊಡ್ತೀರೇನು?"

"ಆರಿದ ನುಚ್ಚು ಹಿರ್ಯಾರಿಗೆ ಕೊಡಬಾರದ್ರಿ ಅಕ್ಕಾರ, ಗಟ್ಟಿ ಆಕ್ಕೈತಿ. ಕರಕೊಂಡ ಬರ್ರಿ. ಎರಡಕ್ಕ ಗಂಡಸರೆಲ್ಲ ಕೆಲಸಕ್ಕ ಹೊಕ್ಕಾರ. ಆಮ್ಯಾಲೆ ಯಾರೂ ಇರಂಗಿಲ್ಲ."

ಯಾರೂ ಇರುವುದಿಲ್ಲ ಎಂಬ ಮಾತಿಗೇ ಮಾವನವರು ಒಪ್ಪಿದ್ದು. ಎರಡೂಕಾಲಿಗೆ ಬಾಯಿಗೆ ಶಲ್ಯ ಸುತ್ತಿಕೊಂಡು ನನ್ನ ಹಿಂದೆ ಬಂದರು. ರತ್ನವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಳಿ ಬಟ್ಟೆ, ವಿಭೂತಿ, ಮುಚ್ಚಿದ ಬಾಯಿ. ಸೆರಗು ತಲೆಯ ಮೇಲೆಳೆದುಕೊಂಡು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಶ್ರಾವಣ ಮುಗಿಯೂತನಕ ಮೌನ ಹಿಡದಾರೇನ್ರಿ ಸ್ವಾಮಿಗೋಳು?"

ನಮ್ಮ ಕಡೆ ಶ್ರಾವಣದಲ್ಲಿ ಮೌನಾನುಷ್ಠಾನಕ್ಕೆ ಕೂರುವ ಸ್ವಾಮಿಗಳಿದ್ದಾರೆ. ಅವಳು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ನೆನಪಿಗೂ ಡೈರಿಗೂ ತಾಳೆಯಾಗದ ಜಾಗ ಇದೇ. "ನಾನು ಏನೂ ಹೇಳಲಿಲ್ಲ" ಎಂದು ಡೈರಿಯಲ್ಲಿ ಬರೆದಿದ್ದೇನೆ. ಆದರೆ ನಾನು ತಲೆಯಾಡಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಂದು ಸಂಜೆಯೇ ನನ್ನನ್ನು ನಾನು ಉಳಿಸಿಕೊಳ್ಳಲು ಹಾಗೆ ಬರೆದೆನೇ? ಅವರ ಮರ್ಯಾದೆ ಕಾಯುವುದಕ್ಕಾಗಿ ತಲೆಯಾಡಿಸಿದೆನೇ, ಅಥವಾ ಇನ್ನೊಮ್ಮೆ ಆ ಕಥೆ ಹೇಳುವ ಬೇಸರಕ್ಕೋ?

ರತ್ನವ್ವ ತಂಬಿಗೆಯಲ್ಲಿ ನೀರು ತಂದು ಮಾವನವರ ಕಾಲಿಗೆ ಹಾಕಿದಳು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಮಣೆ ಹಾಕಿ ಕೂರಿಸಿ, ಮುಂದೆ ನುಚ್ಚು, ಮಜ್ಜಿಗೆ ಇಟ್ಟು, ಒಂದು ಹಳೇ ಸೀರೆಯನ್ನು ಅಡ್ಡ ಕಟ್ಟಿ, "ಸ್ವಾಮಿಗೋಳು ಪ್ರಸಾದ ತಗೊಳ್ಳೂದನ್ನ ನಾವು ನೋಡಬಾರದ್ರಿ" ಎಂದು ನನ್ನನ್ನೂ ಈಚೆಗೆ ಕರೆದಳು. ಸೀರೆಯ ಹಿಂದಿನಿಂದ ಮಜ್ಜಿಗೆ ಸುರಿಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಖಾಲಿ ತಾಟು ಸೀರೆಯ ಕೆಳಗಿನಿಂದ ಹೊರಗೆ ಬಂತು. ರತ್ನವ್ವ ಮತ್ತೆ ತುಂಬಿಸಿ ಒಳಗೆ ಸರಿಸಿದಳು. ಅದೂ ಖಾಲಿಯಾಗಿ ಬಂತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮುಂದೇನು ಎಂದು ಯೋಚಿಸಲೇ ಇಲ್ಲ.

ಅವರು ಬಾಯಿ ಮುಚ್ಚಿಕೊಂಡು ಹೊರಗೆ ಬಂದ ಕೂಡಲೇ ರತ್ನವ್ವ ಕಾಲಿಗೆ ಬಿದ್ದಳು.

"ಅಪ್ಪಾರ, ಮಗಳು ಬಸರ ಅದಾಳ್ರಿ, ಏಳನೇ ತಿಂಗಳ ನಡದೈತ್ರಿ. ಮೊದಲಿನವು ಎರಡು ನಿಂದರಲಿಲ್ರಿ. ಮನಿ ಹಿರ್ಯಾರು ಊರಿಗೆ ಕರಕೊಂಡು ಬಾ, ದೇವರ ಹಂತೇಕ ಇರಲಿ ಅಂತಾರ. ಇಲ್ಲಿ ಡಾಕ್ಟರವ್ವ ಬಸ್ ಹತ್ತಸಬ್ಯಾಡ ಅಂತಾಳ. ನನಗ ತಿಳಿವಲ್ದು. ನೀವು ಮಾತಾಡಬ್ಯಾಡ್ರಿ. ಊರಿಗೆ ಅಂದ್ರ ಬಲಗೈ ಎತ್ರಿ, ಇಲ್ಲೇ ಅಂದ್ರ ಎಡಗೈ."

ಮಾವನವರ ಎರಡೂ ಕೈ ಕೆಳಗೇ ಇದ್ದವು. ನಂತರ ಬಲಗೈ ಮೇಲೆ ಹೋಯಿತು. ರತ್ನವ್ವ ಅದನ್ನೇ ನೋಡುತ್ತಿದ್ದಳು. ಆ ಕೈ ಶಲ್ಯದ ತುದಿ ಹಿಡಿದು, ಬಾಯಿ ಮೇಲಿನ ಸುತ್ತನ್ನು ಬಿಚ್ಚಿತು.

"ಯವ್ವಾ, ನಾ ಸ್ವಾಮಿ ಅಲ್ಲ," ಎಂದರು. ಮಾತೆಲ್ಲ ಗಾಳಿಯಾಗಿ ಬರುತ್ತಿತ್ತು. "ಮೋಜಣಿ ಮಾಡಕೋತ ತಿರಗಿದಾಂವ. ನನ್ನ ಹಲ್ಲು ಸಮುದ್ರದಾಗ ಹೋದ್ವು. ನಾಚಿಕಿ ಆಗಿ ಬಾಯಿ ಮುಚ್ಚಿಕೊಂಡೇನಿ. ಬ್ಯಾರೆ ಏನೂ ಇಲ್ಲ."

ರತ್ನವ್ವ ಎದ್ದು ನಿಂತಳು. ಅವರನ್ನು ಬಿಟ್ಟು ನನ್ನನ್ನು ನೋಡಿದಳು.

"ನೀವು ಕಲ್ತವರು ಅದೀರಿ ಅಕ್ಕಾರ. ಒಂದ ಮಾತ ಹೇಳಬಾರದಾಗಿತ್ತೇನ್ರಿ? ಇವರು ಹಂಗಽ ಬಲಗೈ ಎತ್ತಿದ್ರ ನಾ ಸಂಜೀಕ ಟಿಕೇಟ ತಗಸಾಕಿ ಇದ್ನಿ."

ಮಾವನವರು ನಡುವೆ ಬಂದು ಕೇಳಿದರು, "ಡಾಕ್ಟರವ್ವ ಮಗಳನ್ನ ತಪಾಸ ಮಾಡ್ಯಾಳಿಲ್ಲೋ?"

"ಮಾಡ್ಯಾಳ್ರಿ, ಮೂರು ಸಲ."

"ಮತ್ತ? ಅಳತಿ ಮಾಡಿದವರ ಮಾತ ಕೇಳಬೇಕವಾ. ದೂರ ಕುಂತು ಹೇಳಾವ್ರದಲ್ಲ."

ಅವಳು ಅವರ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಖರೇನ ಒಂದೂ ಇಲ್ಲಲ್ರಿ ಯಪ್ಪಾ!" ಎಂದು ನಕ್ಕಳು. ಮಾವನವರೂ ನಕ್ಕರು. ಗಲ್ಲಗಳೆರಡೂ ಒಳಗೆ ಹೋದ ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವಾಗ ರತ್ನವ್ವ ಹೇಳಿದಳು, "ಸ್ವಾಮಿಗೋಳು ಆಗಿದ್ರ ಒಂದ ಸಲ ಬಂದು ಹೋಗತಿದ್ರಿ. ಮುದುಕರು ಅದೀರಿ, ನಾಳೆನೂ ಬರ್ರಿ."

ಮರುದಿನ ಹನ್ನೆರಡೂವರೆಗೇ ಮಾವನವರು ಚಪ್ಪಲಿ ಮೆಟ್ಟಿ ನಿಂತಿದ್ದರು. ಶಲ್ಯ ಹೆಗಲ ಮೇಲಿತ್ತು. ಕೆಲಸಗಾರರ ಸಾಲಿನಲ್ಲೇ ಕೂತು, ರೋಣದ ಕಡೆಯ ಒಂದು ಗಡಿ ಜಗಳದ ಕಥೆ ಹೇಳುತ್ತ ಉಂಡರು. ಅವರ ಮಾತು ಅರ್ಧ ಯಾರಿಗೂ ತಿಳಿಯಲಿಲ್ಲ, ಆದರೂ ಎಲ್ಲರೂ ನಗುತ್ತಿದ್ದರು. ಮಗಳನ್ನು ಹೆರಿಗೆಯವರೆಗೆ ಇಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ರತ್ನವ್ವ ಹೇಳಿದಳು. ಮುಂದೆ ಏನಾಯಿತು ಎಂದು ನನಗೆ ಗೊತ್ತಿಲ್ಲ. ಅವಳ ಫೋನ್ ನಂಬರು ಕೇಳಿಕೊಳ್ಳಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಮಾವನವರ ಹತ್ತಿರ ತಪ್ಪೊಪ್ಪಿಕೊಂಡೆ. "ಮಾವಾರ, ನಾ ಆಕಿಗೆ ಮೊದಲಽ ಖರೇ ಹೇಳಬೇಕಿತ್ತು."

"ಕಾಲಿಗೆ ನೀರು ಹಾಕಿದಾಗನ ನನಗೂ ಗೊತ್ತಾಗಿತ್ತು ಸುಮಾ," ಎಂದರು.

"ಮತ್ತ ಸುಮ್ನ ಕುಂತ್ರಿ?"

"ಭಾಳ ಹಸಿವಾಗಿತ್ತು." ಶಲ್ಯ ಮಡಚಿ ತೊಡೆಯ ಮೇಲಿಟ್ಟುಕೊಂಡರು. "ಎರಡನೇ ತಾಟು ಹಾಕಿಸಿಕೊಳ್ಳಬಾರದಾಗಿತ್ತು."

ಅಂದಿನ ನನ್ನ ತಲೆಯಾಡಿಕೆ ದಯೆಯೋ ಸುಳ್ಳೋ, ಇಂದಿಗೂ ತೀರ್ಮಾನ ಮಾಡಲಾಗಿಲ್ಲ. ಆದರೆ ಒಂದು ಬದಲಾಗಿದೆ. ಯಾರಾದರೂ ಹಸಿವಿಲ್ಲ ಎಂದರೆ ನಾನು ಮೊದಲಿನ ಹಾಗೆ ಒತ್ತಾಯ ಮಾಡುವುದಿಲ್ಲ, ನಂಬುವುದೂ ಇಲ್ಲ. ತಟ್ಟೆ ಇಟ್ಟು, ಏನೋ ಕೆಲಸ ನೆನಪಾದವಳ ಹಾಗೆ ಒಳಗೆ ಹೋಗುತ್ತೇನೆ.