ಮೇಲಿನ ಎಣ್ಣೆ ಬೀಳದ ಸಾಬೂನು

ನಮ್ಮ ಮನೆಯಲ್ಲಿ ಇರುವೆಗೂ ಮರ್ಯಾದೆಯಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದೆವು. ಹೊತ್ತು ಮುಳುಗುವ ಮೊದಲೇ ಉಂಡು ಒಲೆ ಆರಿಸುತ್ತಿದ್ದೆವು. ಗಡ್ಡೆ ಗೆಣಸು ಹೊಸ್ತಿಲು ದಾಟುತ್ತಿರಲಿಲ್ಲ. ಅಂಗಡಿಯ ಸಾಬೂನಿಗೆ ದನದ ಕೊಬ್ಬು ಹಾಕುತ್ತಾರೆಂದು ಯಾರೋ ಹೇಳಿದ್ದೇ ತಡ, ಅಪ್ಪ ಬಸದಿಗೆ ಹೋಗಿ, ಇನ್ನು ಅದನ್ನು ಮೈಗೆ ಮುಟ್ಟಿಸುವುದಿಲ್ಲವೆಂದು ಮುನಿಗಳ ಮುಂದೆ ನೇಮ ಹಿಡಿದು ಬಂದ. ನೇಮ ಹಿಡಿದವನು ಅಪ್ಪ; ಸಾಬೂನು ಕುದಿಸುವ ಕೆಲಸ ಬಿದ್ದದ್ದು ಅವ್ವನ ತಲೆಗೆ.

ಅದೇ ಅಪ್ಪ ಅವ್ವನನ್ನು ಹೊಡೆಯುತ್ತಿದ್ದ. ಕಾಗವಾಡದ ನಮ್ಮ ಓಣಿಯಲ್ಲಿ ಬೇರೆ ಗಂಡಸರ ಕೈಗೆ ಬೆಲ್ಟೋ ಬಾರುಕೋಲೋ ಸಿಗುತ್ತಿತ್ತು. ನಮ್ಮಲ್ಲಿ ಚರ್ಮದ ವಸ್ತು ನಿಷಿದ್ಧ, ಹಾಗಾಗಿ ಕೈ. ಮುಷ್ಟಿ ಕಟ್ಟಿ ಬೆನ್ನಿಗೆ, ಅಂಗೈ ಬಿಚ್ಚಿ ಕಿವಿಗೆ. ಅವ್ವನ ಬಲಗಿವಿ ಕೇಳುತ್ತಿರಲಿಲ್ಲ. ನಾನು ಗುಟ್ಟು ಹೇಳುವುದಿದ್ದರೆ ಎಡಕ್ಕೆ ಸರಿದು ನಿಲ್ಲುತ್ತಿದ್ದೆ. ಹೊಡೆದು ಮುಗಿಸಿ ಅಪ್ಪ ಕೈ ತೊಳೆದುಕೊಂಡು ಜಪಕ್ಕೆ ಕೂರುತ್ತಿದ್ದ. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹೊಡೆತ ಶುರುವಾದರೆ ಆಕೆ ಗೋಡೆಗೆ ಮುಖ ಮಾಡಿ ಮಣಿ ಎಣಿಸುತ್ತಿದ್ದಳು. ಆಕೆಯ ಎಡ ಮುಂಗೈ ಸೊಟ್ಟಗಿತ್ತು. ಕೇಳಿದರೆ, ಸಣ್ಣ ವಯಸ್ಸಿನಲ್ಲಿ ಬಾವಿಕಟ್ಟೆಯ ಮೇಲಿಂದ ಬಿದ್ದೆ ಎನ್ನುತ್ತಿದ್ದಳು. ನನಗೆ ಅಪ್ಪನಷ್ಟೇ ಆಕೆಯ ಮೇಲೂ ಸಿಟ್ಟಿತ್ತು.

ಸಾಬೂನು ಮಾಡುವುದು ಹಿತ್ತಲಿನಲ್ಲಿ. ಮಿರಜದ ಪೇಟೆಯಿಂದ ತಂದ ಕಾಸ್ಟಿಕ್ ಸೋಡಾವನ್ನು ಅವ್ವ ಮುಖಕ್ಕೆ ಸೆರಗು ಸುತ್ತಿಕೊಂಡು ನೀರಿಗೆ ಸುರಿಯುತ್ತಿದ್ದಳು. ಅದು ಬೆಂಕಿಯಿಲ್ಲದೆಯೇ ಬುಸುಗುಟ್ಟುತ್ತಿತ್ತು. ಕಬ್ಬಿಣದ ಕಡಾಯಿಯಲ್ಲಿ ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಕಾಯಿಸಿ, ಈ ನೀರು ಬೆರೆಸಿ, ಮರದ ಹುಟ್ಟಿನಿಂದ ಅವ್ವ ಒಮ್ಮೆ ನಾನು ಒಮ್ಮೆ ತಿರುವುತ್ತಿದ್ದೆವು. ನೊಣ ಬಿದ್ದು ಪಾಪ ಬರಬಾರದೆಂದು ಮೇಲೆ ತೆಳು ಬಟ್ಟೆ. ಕಡಲೆಹಿಟ್ಟಿನ ಪಿಟ್ಲದ ಹಾಗೆ ಗಟ್ಟಿಯಾಗಿ ಅಂಚು ಬಿಡಲು ಶುರುವಾದಾಗ ಕೆಳಗಿಳಿಸಿ, ಕೊನೆಗೆ ಒಂದು ಬಟ್ಟಲು ಔಡಲೆಣ್ಣೆ ಹಾಕಬೇಕು. ಅವ್ವ ಅದನ್ನು ಮೇಲಿನ ಎಣ್ಣೆ ಎನ್ನುತ್ತಿದ್ದಳು. ಕಾಸ್ಟಿಕ್ಕಿನ ಅಳತೆ ಆ ಎಣ್ಣೆಯನ್ನೂ ಲೆಕ್ಕಕ್ಕೆ ಹಿಡಿದೇ ಇರುತ್ತಿತ್ತು. ಅದು ಬೀಳದಿದ್ದರೆ ಮಿಕ್ಕ ಕಾಸ್ಟಿಕ್ ಸಾಬೂನಿನಲ್ಲೇ ಉಳಿದು ಚರ್ಮ ತಿನ್ನುತ್ತದೆ.

ಅದು ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಕಾಲ. ಅಪ್ಪ ತೋಟದಿಂದ ಮೈಲುತುತ್ತ, ಸುಣ್ಣ ಮೆತ್ತಿದ ಕೈಯಲ್ಲಿ ಬಂದು ಬಚ್ಚಲಿಗೆ ಬಿಸಿನೀರು ಕೇಳಿದ. ಅವ್ವ ಆಗಷ್ಟೇ ಕಡಾಯಿ ಇಳಿಸಿದ್ದಳು. ಬಲಗಿವಿ ಅತ್ತ ಇತ್ತು, ಕೇಳಿಸಿರಲಿಕ್ಕಿಲ್ಲ. ಆತ ಹಿತ್ತಲಿಗೇ ಬಂದ.

"ಎಷ್ಟ ಸಲ ಒದರಬೇಕಲೇ? ಕಿವುಡಾಗಿ ಏನ?"

"ಒಂದೀಟ ತಡೀರಿ, ಎಣ್ಣಿ ಹಾಕಿ ಬಂದ್ನಿ," ಎಂದಳು ಅವ್ವ.

ತಡೀರಿ ಎಂಬ ಮಾತು ಸಾಕಾಯಿತು. ಆತ ಅವಳ ಕೈಯಲ್ಲಿದ್ದ ಹುಟ್ಟನ್ನೇ ಕಿತ್ತುಕೊಂಡು ಭುಜಕ್ಕೆ ಬೀಸಿದ. ಎರಡನೆಯ ಹೊಡೆತಕ್ಕೆ ಹುಟ್ಟು ಸೀಳಿತು. ಹುಟ್ಟಿಗೆ ಮೆತ್ತಿದ್ದ ಕುದಿಯುವ ಸಾಬೂನು ಅವಳ ಕೊರಳಿಗೆ, ತೋಳಿಗೆ ಸಿಡಿಯಿತು. ಅವಳು ಕಿರುಚಿದ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ನಾನು ಹಿಂದಿನಿಂದ ಅಪ್ಪನ ಅಂಗಿ ಹಿಡಿದು ಜಗ್ಗಿದೆ. ಆತ ಕೊಡವಿದ ರಭಸಕ್ಕೆ ಕಟ್ಟಿಗೆ ರಾಶಿಯ ಮೇಲೆ ಹೋಗಿ ಬಿದ್ದೆ, ಹುಬ್ಬು ಒಡೆಯಿತು. ಅವಳು ನೆಲಕ್ಕೆ ಬಿದ್ದ ಮೇಲೂ ಆತ ಒದೆಯುತ್ತಿದ್ದ. ಅವತ್ತು ಸತ್ತೇಹೋಗುತ್ತಾಳೆ ಅಂದುಕೊಂಡೆ.

ಆಯಿ ಅವ್ವನ ತೋಳಿಗೆ ಕೊಡಗಟ್ಟಲೆ ನೀರು ಸುರಿದಳು. ಆಮೇಲೆ, ಹೊತ್ತು ಮುಳುಗುವುದರೊಳಗೆ ಹಿತ್ತಲು ಸ್ವಚ್ಛವಾಗಬೇಕಲ್ಲ, ಕಡಾಯಿಯಲ್ಲಿ ಉಳಿದದ್ದನ್ನು ತಾನೇ ಮರದ ತಟ್ಟೆಗಳಿಗೆ ಬಳಿದಳು. ಮೇಲಿನ ಎಣ್ಣೆ ಯಾರ ನೆನಪಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಔಡಲೆಣ್ಣೆಯ ಬಟ್ಟಲು ಮುಚ್ಚಿದ ಬಟ್ಟೆಯೊಂದಿಗೆ ಹಾಗೇ ಕೂತಿತ್ತು. ಅವ್ವ ಸಾಬೂನಿನ ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ತಟ್ಟನೆ ಉಗುಳಿದಳು.

"ಅತ್ತಿ, ಇದನ್ನ ಮತ್ತ ಕುದಿಸಿ ಎಣ್ಣಿ ಹಾಕಬೇಕ್ರಿ. ಹಿಂಗ ಬಳಸಿದ್ರ ಕೈ ಸುಡತೈತಿ."

ಅಷ್ಟರಲ್ಲಿ ಅಪ್ಪ ಬಂದು ಪದ್ಧತಿಯಂತೆ ಮೊದಲ ಪಾಲು ಎತ್ತಿಕೊಂಡ. ಮನೆಯಲ್ಲಿ ಏನೇ ಮಾಡಿದರೂ ಮೊದಲ ಪಾಲು ಅವನದು, ಹೋಳಿಗೆಯಾಗಲಿ ಸಾಬೂನಾಗಲಿ. ಕೊರಳಿಗೆ ಬಟ್ಟೆ ಸುತ್ತಿಕೊಂಡೇ ಅವ್ವ ಅಡ್ಡ ಬಂದಳು. ಹೊಡೆಸಿಕೊಂಡವಳು ಹೊಡೆದವನ ಕೈ ಸುಡಬಾರದೆಂದು ಬೇಡಿಕೊಂಡದ್ದನ್ನು ನನಗೆ ಇವತ್ತಿಗೂ ಕ್ಷಮಿಸಲಾಗಿಲ್ಲ.

"ಅದನ್ನ ಒಯ್ಯಬ್ಯಾಡ್ರಿ. ಎಣ್ಣಿ ಬಿದ್ದಿಲ್ಲ ಅದಕ."

"ನನಗ ಶ್ಯಾಣೇತನಾ ಕಲಸ್ತಿ?" ಎಂದು ಆತ ತಟ್ಟೆಯನ್ನೇ ಬಗಲಿಗೆ ಇಟ್ಟುಕೊಂಡು ಹೋದ. ಉಳಿದ ತಟ್ಟೆಗಳನ್ನು ಅವ್ವ ಮತ್ತೆ ಕರಗಿಸಿ, ಎಣ್ಣೆ ಕೂಡಿಸಿ, ನಮಗೆ ಮಾಡಿಟ್ಟಳು.

ಚಳಿ ಬಿತ್ತು. ಅಪ್ಪನ ಅಂಗೈ ಮೊದಲು ಕೆಂಪಾಯಿತು, ಆಮೇಲೆ ಒಣಗಿ ಸೀಳಿತು. ಗೆರೆಗಳ ಉದ್ದಕ್ಕೂ ರಕ್ತ ಜಿನುಗತೊಡಗಿತು. ಆತ ಮೈಲುತುತ್ತವನ್ನು ಬೈದ, ಸುಣ್ಣವನ್ನು ಬೈದ, ಔಷಧ ಮಾರಿದವನ ಮನೆತನವನ್ನೇ ಬೈದ. ತೋಟದ ವಿಷ ಹೋಗಲೆಂದು ಇನ್ನೂ ಹೆಚ್ಚು ಸಾಬೂನು ತಿಕ್ಕಿ ತೊಳೆದ. ಎಣ್ಣೆ ಬಿದ್ದಿಲ್ಲ ಎಂಬ ಮಾತು ಹೆಂಗಸಿನ ಬಾಯಿಂದ ಬಂದದ್ದು, ಅದು ಅವನ ತಲೆಯಲ್ಲಿ ನಿಲ್ಲುವುದುಂಟೇ? ಅಂಗಡಿಯ ಸಾಬೂನು ಮುಟ್ಟಲು ನೇಮ ಬಿಡುತ್ತಿರಲಿಲ್ಲ.

ಒಂದು ದಿನ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಆತ ಎದ್ದು ನಿಂತ. ಅವ್ವ ಗೋಡೆಗೆ ಒರಗಿ ಕಿವಿ ಮುಚ್ಚಿಕೊಂಡಳು. ಮುಷ್ಟಿ ಕಟ್ಟಲು ಹೋದವನು ಹಲ್ಲು ಕಚ್ಚಿ ಹಾಗೇ ಕೂತುಬಿಟ್ಟ. ಬೆರಳು ಮಡಿಸಿದರೆ ಅಂಗೈ ಬಿರಿಯುತ್ತಿತ್ತು. ಒದ್ದ, ಬೈದ, ತಟ್ಟೆ ಎಸೆದ. ಆದರೆ ಆ ಚಳಿಗಾಲದಲ್ಲಿ ಅವನ ಮುಷ್ಟಿ ಅವ್ವನ ಮೈಗೆ ಬೀಳಲಿಲ್ಲ. ನನಗಂತೂ ಖುಷಿಯಾಗಿತ್ತು, ನಾಚಿಕೆಯಿಲ್ಲದ ಖುಷಿ. ಬಚ್ಚಲಲ್ಲಿ ಆತ ಹಾ ಎಂದಾಗಲೆಲ್ಲ ಒಳಗೊಳಗೇ ನಗುತ್ತಿದ್ದೆ.

ಅವನ ಸಾಬೂನು ಸವೆದಾಗ ಅವ್ವ ಮತ್ತೆ ಕಡಾಯಿ ಏರಿಸಿದಳು. ಈ ಸಲ ಔಡಲೆಣ್ಣೆಯ ಬಟ್ಟಲನ್ನು ಮರೆಯದಿರಲೆಂದು ಕಾಲ ಬುಡದಲ್ಲೇ ಇಟ್ಟುಕೊಂಡಿದ್ದಳು. ಈ ಎಣ್ಣೆ ಬಿದ್ದರೆ ಕೈ ಮಾಯುತ್ತದೆ. ಕೈ ಮಾಯ್ದರೆ ಮುಷ್ಟಿ ಕಟ್ಟುತ್ತದೆ. ಬಟ್ಟಲನ್ನು ಒದ್ದು ಚೆಲ್ಲಿಬಿಡಲೇ ಅಂದುಕೊಂಡೆ. ಸಾಬೂನು ಅಂಚು ಬಿಟ್ಟಿತು, ಕಡಾಯಿ ಇಳಿಸಿದೆವು, ಅವ್ವ ಬಟ್ಟಲಿಗೆ ಕೈ ಹಾಕಿದಳು.

ಆಗ ಆಯಿ ಒಳಗಿನಿಂದ ಬಂದಳು. ಕೈಯಲ್ಲಿ ಜಪಮಣಿ ಇರಲಿಲ್ಲ, ಒಂದು ಸಣ್ಣ ಡಬ್ಬಿಯಿತ್ತು.

"ತಡಿ," ಎಂದಳು. "ಮೊದಲ ಅವನ ಪಾಲ ತಗಿ. ಎಣ್ಣಿ ಆಮ್ಯಾಲ ಹಾಕು."

ಅವ್ವನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದಾಗ ಮುಖ ಬಿಳಚಿತು.

"ಅತ್ತಿ, ಹಿಂಸಾ ಆಗ್ತೈತ್ರಿ."

ಆಯಿ ತನ್ನ ಸೊಟ್ಟ ಮುಂಗೈಯನ್ನು ಅವಳ ಮುಖದೆದುರು ಹಿಡಿದಳು.

"ಇದು ಏನ ಮತ್ತ? ನಾ ಯಾವ ಬಾವಿಕಟ್ಟಿ ಮ್ಯಾಲಿಂದನೂ ಬಿದ್ದಿಲ್ಲವ್ವಾ. ನಿನ್ನ ಗಂಡನ ಅಪ್ಪ ಮುರದ್ದು."

ಆಕೆ ಡಬ್ಬಿಯನ್ನು ಕಡಾಯಿಯ ಪಕ್ಕ ಇಟ್ಟು ನಿಂತೇ ಇದ್ದಳು. ಗೋಡೆಯ ಕಡೆ ತಿರುಗಲಿಲ್ಲ. ಅವ್ವ ತನ್ನ ತೋಳಿನ ಮೇಲಿನ ಸುಟ್ಟ ಕಲೆಯನ್ನು ಒಮ್ಮೆ ಸವರಿಕೊಂಡಳು. ಆಮೇಲೆ ತಂತಿ ಬಿಗಿದು ರಿಪೇರಿ ಮಾಡಿದ ಅದೇ ಹುಟ್ಟನ್ನು ಕಡಾಯಿಗೆ ಅದ್ದಿ, ಮನೆಯ ಯಜಮಾನನ ಮೊದಲ ಪಾಲನ್ನು ಡಬ್ಬಿಗೆ ತುಂಬಿದಳು. ಅಂಚು ಒರೆಸಿ, ಮುಚ್ಚಳ ಹಾಕಿ, ಬಚ್ಚಲಿನ ಗೂಡಿನಲ್ಲಿ ಇಟ್ಟು ಬಂದಳು.

"ಈಗ ಎಣ್ಣಿ ಹಾಕು," ಎಂದಳು ಅವ್ವ, ನನಗೆ.