ಉರಿಬಿಸಿಲಿಗೆ ಹೊದಿಸಿದ ಶಾಲು

ಏಪ್ರಿಲ್ ತಿಂಗಳ ಒಂದು ಮುಂಜಾನೆ ರೋಣದಿಂದ ನರಗುಂದದ ಬಸ್ ಹತ್ತಿದೆವು. ನಮ್ಮದು ಇಬ್ಬರ ಗೀಗೀ ಮೇಳ. ಡಪ್ಪು ಬಾರಿಸಿ ಹಾಡುವವಳು ಶಾಂತಕ್ಕ, ತುಂತುಣಿ ಮೀಟಿ ದನಿಗೂಡಿಸುವವಳು ನಾನು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಸೀಟಂತೂ ಮೊದಲೇ ಇಲ್ಲ. ಅಷ್ಟು ಹೊತ್ತಿಗೇ ಕಿಟಕಿಯ ಸರಳು ಮುಟ್ಟಿದರೆ ಚುರ್ರೆನ್ನುತ್ತಿತ್ತು.

ಮಳೆ ಬಿಸಿಲು ಹದಗೆಟ್ಟ ಬಗ್ಗೆ ದೊಡ್ಡವರು ದೊಡ್ಡ ಊರುಗಳಲ್ಲಿ ಮಾತಾಡುತ್ತಾರೆ. ನಮ್ಮ ಕಡೆಯೂ ಆ ಮಾತು ಏಳಬೇಕೆಂದು ಶಾಂತಕ್ಕ ಹಟ ಹಿಡಿದಿದ್ದಳು. ಗೀಗೀ ಪದದಲ್ಲಿ ಒಂದು ಮೇಳ ಪ್ರಶ್ನೆ ಹಾಕಿದರೆ ಎದುರು ಮೇಳ ಜವಾಬು ಕೊಡಬೇಕು. ನಾವು ಕೇಳಲು ಕೂತವರಿಗೇ ಪ್ರಶ್ನೆ ಹಾಕುತ್ತೇವೆ. ಜವಾಬು ಬರುವ ತನಕ ಡಪ್ಪು ಚೀಲ ಸೇರುವಂತಿಲ್ಲ. ಅದು ಶಾಂತಕ್ಕನ ಕಟ್ಟಳೆ.

ನರಗುಂದದ ಕಾಳಿನ ಪೇಟೆಯಲ್ಲಿ ಅಕಾಲದ ಮಳೆಯ ಪ್ರಶ್ನೆ ಹಾಡಿದೆವು. "ಕಡ್ಲಿ ಚೀಲ ಬಯಲಾಗ ಇದ್ದೂರಿ. ತಾಡಪತ್ರಿ ತರೂದ್ರಾಗ ಎಲ್ಲಾ ತೊಯ್ದೂ," ಎಂದ ಒಬ್ಬ ಹಮಾಲ. ಮಾತಿಗೆ ಮಾತು ಬೆಳೆದು, ಮೋಡ ಕವಿದರೆ ತಮ್ಮ ಗೋದಾಮಿನ ಬಾಗಿಲು ತೆಗೆಸುವುದಾಗಿ ದಲಾಲಿ ಅಂಗಡಿಯವರೊಬ್ಬರು ಒಪ್ಪಿದರು. ಡಪ್ಪು ಚೀಲ ಸೇರಿತು. ಗಿರಮಿಟ್, ಮಿರ್ಚಿ ತಿಂದು ಸಂಜೆಗೆ ರೋಣಕ್ಕೆ ಮರಳಿದೆವು.

ಮರುದಿನ ಗಜೇಂದ್ರಗಡ. ಅಲ್ಲಿ ಶಾಂತಕ್ಕನ ತಂಗಿ ನೀಲವ್ವ ಕೈಮಗ್ಗದ ಸೀರೆ ನೇಯುತ್ತಾಳೆ. ಹೋದ ವಾರ ತಗಡಿನ ಶೆಡ್ಡಿನ ಕಾವಿಗೆ ಕಣ್ಣು ಕತ್ತಲೆಗಟ್ಟಿ ಮಗ್ಗದ ಮೇಲೇ ಬಿದ್ದಿದ್ದಳು. ಆ ಶೆಡ್ಡಿನ ಮಾಲಕರೇ ನಮ್ಮನ್ನು ಕರೆಸಿದ್ದರು.

"ಗಿಡ ಹಚ್ಚ್ರಿ, ನೀರ ಉಳಸ್ರಿ ಅಂತ ಹಾಡ್ರಿ. ಅಷ್ಟ ಸಾಕು," ಎಂದರು, ಕೂಲರಿನ ಮುಂದೆ ಕೂತು. ನನಗೆ ಮೈಯೆಲ್ಲ ಉರಿಯಿತು.

ಶೆಡ್ಡಿನ ಅಂಗಳದಲ್ಲಿ ನೆರೆದ ನೇಕಾರರ ಮುಂದೆ ಶಾಂತಕ್ಕ ಅದನ್ನೂ ಹಾಡಿದಳು. ಆಮೇಲೆ ಪ್ರಶ್ನೆ ಎತ್ತಿದಳು: "ತಗಡಿನ ಬುಡಕ ಮೈ ಬೇಯತೈತಿ, ಮಧ್ಯಾಹ್ನ ಮಗ್ಗ ನಿಲ್ಲಸಾಕ ಯಾರನ್ನ ಕೇಳಬೇಕ?"

ನೇಕಾರ ಹೆಂಗಸರಲ್ಲಿ ಗುಜುಗುಜು ಎದ್ದಿತು. ಅಷ್ಟರಲ್ಲಿ ಮಾಲಕರು ಚಪ್ಪಾಳೆ ತಟ್ಟುತ್ತ ಬಂದು, ಹಾಡುತ್ತಿದ್ದವಳ ಹೆಗಲಿಗೆ ಶಾಲು ಹೊದಿಸಿದರು. ಆ ಉರಿಯಲ್ಲಿ ಉಣ್ಣೆಯ ಶಾಲು. ಸನ್ಮಾನವಂತೆ. ಬಾಯಿ ಮುಚ್ಚಿಸುವುದಕ್ಕೆ ಎಂಥ ಮರ್ಯಾದೆಯ ದಾರಿ ಹುಡುಕಿದ್ದರು.

"ಶಾಲು ಆಮ್ಯಾಲೆ ಹೊಚ್ಚ್ರಿ ಮಾಲಕ್ರ. ಮೊದಲ ಜವಾಬ ಹೇಳ್ರಿ," ಎಂದಳು ನೀಲವ್ವ, ಕೂತಲ್ಲಿಂದ ಎದ್ದು.

"ಹಾಡಿನ ಮಾತು ಹಾಡಿನ್ಯಾಗ ಇರಲಿ," ಎಂದು ಅವರು ನಡೆದೇಬಿಟ್ಟರು.

ಸಂಜೆ ರೋಣದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆವು. ನೀಲವ್ವ ಓಡಿ ಬಂದಳು. "ನಾಳಿಂದ ನನಗ ನೂಲು ಕೊಡೂದಿಲ್ಲಂತ, ಅಕ್ಕಾ."

ತಾವೇ ಕರೆಸಿ ಹಾಡಿಸುವುದು, ಮಾತಾಡಿದವಳ ಅನ್ನ ಕಿತ್ತುಕೊಳ್ಳುವುದು. ಇಂಥ ನಾಚಿಕೆಗೇಡಿತನ ನಾನು ಕಂಡಿರಲಿಲ್ಲ.

"ಲಗೂ ಹತ್ರಿ," ಎಂದ ಕಂಡಕ್ಟರ್.

"ನೀವು ನಡೀರಿ. ನಮಗ ಜವಾಬ ಬರೂದೈತಿ," ಎಂದು ಶಾಂತಕ್ಕ ಇಳಿದಳು. ಡಪ್ಪು ಇನ್ನೂ ಕೈಯಲ್ಲೇ ಇತ್ತು.

ಬಸ್ಸು ನಮ್ಮನ್ನು ಬಿಟ್ಟು ಹೋಯಿತು. ಮಾಲಕರ ಮನೆಯ ಕಟ್ಟೆಗೆ ಹೋಗಿ, ಅವರದೇ ಶಾಲು ಹಾಸಿ, ನಾವು ಮೂವರೂ ಕೂತೆವು. ನಾನು ತುಂತುಣಿ ಮೀಟಿದೆ. ಶಾಂತಕ್ಕ ಅದೇ ಪ್ರಶ್ನೆಯನ್ನು ಮೊದಲಿಂದ ಹಾಡಲು ಹಿಡಿದಳು.