ಭಾವನ ಮೊಸರನ್ನ, ಅಕ್ಕನ ಮಸಾಲೆ ದೋಸೆ

ಗೆಳೆಯರೇ, ನಮ್ಮ ಸಂಸ್ಕೃತಿ ಇಂದು ಮಧ್ಯಾಹ್ನ ಚಿಂತಾಮಣಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆಯ ಬಾಯಿಗೆ ಬಿದ್ದು ಸ್ವಲ್ಪದರಲ್ಲೇ ಪಾರಾಯಿತು.

ಅದರ ಕಾವಲುಗಾರರು ನಮ್ಮ ಭಾವ. ಹೋಟೆಲಿನ ತಿಂಡಿ ಮುಟ್ಟದ ಮಹಾನುಭಾವರು. ಆ ವ್ರತಕ್ಕೆ ಒಲೆ ಊದುವವಳು ಮಾತ್ರ ನಮ್ಮಕ್ಕ. ಯಾವ ಊರಿಗೆ ಹೊರಟರೂ ನಸುಕಿನಲ್ಲೆದ್ದು ಬುತ್ತಿ ಕಟ್ಟಬೇಕು. ಹೊರಗೆ ಒಂದು ಬಿಸಿ ದೋಸೆ ತಿನ್ನುವ ಆಸೆ ಅವಳಿಗೆ ಮದುವೆಯಾದಾಗಿನಿಂದಲೂ ಇದೆ.

ಪ್ರಯಾಣದ ಅನ್ನವನ್ನು ಹಾಲಿನಲ್ಲಿ ಕಲಸಿ ಒಂದು ಚಮಚ ಮೊಸರು ಬಿಡುವುದು ಅಕ್ಕನ ಪದ್ಧತಿ; ಮಧ್ಯಾಹ್ನಕ್ಕೆ ಹದವಾಗಿರುತ್ತದೆ. ಇವತ್ತು ಭಾವ, "ಮೊಸರನ್ನ ಅಂದ್ಮೇಲೆ ಮೊಸ್ರೇ ಹಾಕ್ಬೇಕು ಕಣೇ" ಎಂದು ಅಪ್ಪಣೆ ಕೊಡಿಸಿದರು. ಗೌರಿಬಿದನೂರಿನಿಂದ ಬಿಸಿಲಲ್ಲಿ ಕುಲುಕುತ್ತಾ ಬಂದ ಆ ಡಬ್ಬಿಯನ್ನು ಹೋಟೆಲಿನ ಮೇಜಿನ ಮೇಲೇ ತೆರೆದರು. ಹೋಟೆಲಿನ ಫ್ಯಾನಿಗೂ ನೀರಿಗೂ ಮೈಲಿಗೆಯಿಲ್ಲ, ನೋಡಿ. ಹುಳಿ ವಾಸನೆಗೆ ಪಕ್ಕದವರು ತಟ್ಟೆ ಎತ್ತಿಕೊಂಡು ದೂರ ಹೋದರು.

ಮಾಲೀಕರು ಬಂದರು. "ಸ್ವಾಮಿ, ಹೊರಗಿನ ತಿಂಡಿ ಇಲ್ಲಿ ತಿನ್ನಂಗಿಲ್ಲ."

"ಏನಾದ್ರೂ ತಗೊಂಡ್ರೆ ಕೂತ್ಕೋಬೋದಾ ಅಣ್ಣ?" ಎಂದಳು ಅಕ್ಕ. ಮಾಲೀಕರು ಹೂಂ ಎಂದರು. "ಹಂಗಾದ್ರೆ ನಂಗೊಂದು ಮಸಾಲೆ ದೋಸೆ ಕೊಡಿ. ಇವ್ರು ಮನೆ ಊಟಾನೇ ಮಾಡ್ಲಿ."

ದೋಸೆ ಬಂತು. ಹುಳಿ ಬಂದ ಅನ್ನವನ್ನು ಒಂದು ತುತ್ತು ನುಂಗಿದ ಭಾವ ಕೈ ಚಾಚಿ, "ಒಂಚೂರು ರುಚಿ ನೋಡ್ತೀನಿ, ಕೊಡು" ಎಂದರು.

ಅಕ್ಕ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಬ್ಯಾಡ ಕಣ್ರೀ, ಹೋಟ್ಲುದು. ನಿಮ್ಮ ವ್ರತ ಕೆಡ್ತದೆ."

ಸಂಸ್ಕೃತಿ ಉಳಿಯಿತು, ಗೆಳೆಯರೇ. ಇನ್ನೊಂದು ದೋಸೆ ತರಿಸಿ, ಅದನ್ನೂ ತಾನೇ ತಿಂದು ಅಕ್ಕ ಸಂಸ್ಕೃತಿಯನ್ನು ಉಳಿಸಿದಳು.